ಹೂವುದುರಿದ ಮೇಲೆ ಆರ್ಕಿಡ್ಡಿನ ಆರೈಕೆ



ಹೂವಿರುವ ತನಕ ಗಿಡಕ್ಕೆ ಮನೆಯಲ್ಲಿ ಎಲ್ಲಿಲ್ಲದ ಮರ್ಯಾದೆ. ಹೂವುದುರಿದ ಮರುದಿನವೇ ಅದು ಹಿತ್ತಲ ಪಾಲು. ನಿಪ್ಪಾಣಿ, ಚಿಕ್ಕೋಡಿಗಳ ಮನೆಗಳಿಗೆ ಉಡುಗೊರೆಯಾಗಿ ಬರುವ ಆರ್ಕಿಡ್ಡಿಗೂ ಅನೇಕ ವೇಳೆ ಇದೇ ಗತಿ. ಆದರೆ ಹೂವು ಮುಗಿದ ಮಾತ್ರಕ್ಕೆ ಗಿಡ ಮುಗಿಯಿತೆಂದಲ್ಲ. ಮುಂದಿನ ಹೂವಿಗೆ ಅದು ಬಲ ಕೂಡಿಸಿಕೊಳ್ಳುವ ಕಾಲ ಅದೇ.

ನಾವೂ ಈ ವಿಷಯದಲ್ಲಿ ತಪ್ಪಿದವರೇ. ನಮ್ಮ ಮೊದಲ ಆರ್ಕಿಡ್ಡು ಎರಡು ತಿಂಗಳು ಅರಳಿ ನಿಂತು ಹೂವುದುರಿಸಿದಾಗ, ಪಾಪ, ಬಡವಾಯಿತೆಂದು ಬಗೆದು, ಒಳ್ಳೆಯ ಎರೆಮಣ್ಣು ತರಿಸಿ, ಗೊಬ್ಬರ ಕೂಡಿಸಿ, ದಿನಕ್ಕೆರಡು ಸಲ ನೀರೆರೆದೆವು. ಕಬ್ಬು ಬೆಳೆವ ಮಣ್ಣು ಹೂವಿಗೆ ಆಗದೇ ಎಂಬುದು ನಮ್ಮ ತರ್ಕ. ಕೆಲವೇ ವಾರಗಳಲ್ಲಿ ಎಲೆ ಸುಕ್ಕಿತು; ಬಾಯಾರಿತೆಂದು ಇನ್ನಷ್ಟು ನೀರೆರೆದೆವು. ಕಿತ್ತು ನೋಡಿದಾಗ ಬೇರೆಲ್ಲ ಕೊಳೆತಿದ್ದಿತು. ನಮ್ಮ ಪ್ರೀತಿಯೇ ಅದನ್ನು ಕೊಂದಿತ್ತು.

ಕಾರಣವಿಷ್ಟೆ. ನಾವು ಮನೆಯಲ್ಲಿಡುವ ಆರ್ಕಿಡ್ಡುಗಳು ಹೆಚ್ಚಾಗಿ ಮರದ ಮೇಲೆ ಬಾಳುವ ಕುಲದವು. ಮಲೆನಾಡಿನ ಸೀತಾಳೆದಂಡೆಯೂ ಇದೇ ಬಳಗದ್ದು. ಅದು ಮರವನ್ನು ಆಶ್ರಯಿಸಿದರೂ ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಬೇರಿನ ಮೇಲಣ ಬೂದುಬಣ್ಣದ ಹೊದಿಕೆಯು ಮಳೆ ಮಂಜುಗಳ ನೀರನ್ನು ಹೀರಿಕೊಂಡು ಮತ್ತೆ ಗಾಳಿಗೆ ಆರುವುದು. ಗಾಳಿಯಿಲ್ಲದೆಡೆ ಬೇರು ಉಳಿಯದು. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನವರು ಇವನ್ನು ಉರಿಬಿಸಿಯ ಗಾಜಿನ ಮನೆಗಳಲ್ಲಿ ಮುಚ್ಚಿಟ್ಟು ಹೇರಳವಾಗಿ ಕೊಂದರು. 1830ರ ದಶಕದಲ್ಲಿ ಚಾಟ್ಸ್‌ವರ್ತ್ ತೋಟದ ಜೋಸೆಫ್ ಪ್ಯಾಕ್ಸ್‌ಟನ್ನನು ಗಾಳಿಯಾಡಗೊಟ್ಟು ಬೆಳೆಸಿ ತೋರಿಸಿದನು.

ಹಾಗಾದರೆ ಮಾಡತಕ್ಕುದೇನು? ಪೇಟೆಯಲ್ಲಿ ಹೆಚ್ಚಾಗಿ ದೊರೆಯುವುದು ಪತಂಗದಾಕಾರದ ಹೂವಿನ ಫೆಲನಾಪ್ಸಿಸ್. ಅದು ಬಲವಾಗಿದ್ದರೆ ಹೂದಂಡನ್ನು ಬುಡದಿಂದ ಎರಡು ಗೆಣ್ಣು ಬಿಟ್ಟು ಕತ್ತರಿಸಬಹುದು. ಕೆಲವೊಮ್ಮೆ ಅಲ್ಲಿಂದಲೇ ಮತ್ತೆ ಹೂವು ಕವಲೊಡೆಯುವುದು. ಬಡಕಲಾಗಿದ್ದರೆ ಬುಡಕ್ಕೇ ಕತ್ತರಿಸಿ ವಿಶ್ರಾಂತಿ ಕೊಡತಕ್ಕುದು. ಡೆಂಡ್ರೋಬಿಯಮ್ಮಿನ ಹಳೆಯ ಕಾಂಡವನ್ನು ಮಾತ್ರ, ಎಲೆಯುದುರಿದ್ದರೂ ಕತ್ತರಿಸಕೂಡದು; ಹಸುರಾಗಿರುವವರೆಗೆ ಅದು ಗಿಡದ ಬುತ್ತಿ.

ಸುಮಾರು ಎರಡು ವರ್ಷಕ್ಕೊಮ್ಮೆ, ಒಳಗಿನ ತೊಗಟೆ ಪುಡಿಯಾದಾಗ, ಕುಂಡ ಬದಲಿಸಬೇಕು. ನಮ್ಮ ಸೀಮೆಯ ಬೇಸಗೆಯ ಒಣಗಾಳಿ ಇದಕ್ಕೆ ಸಲ್ಲದು. ಜೂನಿನಲ್ಲಿ ಮಿರಗದ ಮಳೆ ಕೂಡಿ ಗಾಳಿ ತಂಪಾದಾಗ ಮಾಡುವುದು ಲೇಸು. ಬೇರು ಕೊಳೆತಿದ್ದರೆ ಮಾತ್ರ ಕಾಯಬಾರದು. ಬೆಂಕಿಗೆ ಕಾಯಿಸಿ ಆರಿಸಿದ ಕತ್ತರಿಯಿಂದ ಕಂದಿದ, ಟೊಳ್ಳಾದ ಬೇರುಗಳನ್ನು ತೆಗೆದು ಗಟ್ಟಿಯಾದವನ್ನು ಉಳಿಸಿರಿ. ಪಕ್ಕದಲ್ಲಿಯೂ ತೂತುಗಳುಳ್ಳ, ಬೇರು ಹಿಡಿಸುವಷ್ಟೇ ಅಗಲದ ಮಣ್ಣಿನ ಕುಂಡ ಸಾಕು. ಅದಕ್ಕೆ ಇದ್ದಿಲು, ಇಟ್ಟಿಗೆಯ ಚೂರು, ಒಂದು ದಿನ ನೆನೆಯಿಸಿ ತೊಳೆದ ತೆಂಗಿನ ಸಿಪ್ಪೆಯ ತುಂಡುಗಳನ್ನು ತುಂಬಿರಿ. ಮಳೆ ಹೆಚ್ಚಾದ ನಿಪ್ಪಾಣಿಯಲ್ಲಿ ಇದ್ದಿಲು ಹೆಚ್ಚಿರಲಿ. ಒಣಹವೆಯ ಅಥಣಿ, ಕಾಗವಾಡ, ರಾಯಬಾಗಗಳಲ್ಲಿ ಸಿಪ್ಪೆ ಹೆಚ್ಚಿರಲಿ. ಮಣ್ಣು ಒಂದು ಹಿಡಿಯೂ ಬೇಡ. ನಾಲ್ಕೈದು ದಿನ ನೆರಳಿನಲ್ಲಿಟ್ಟು, ಕತ್ತರಿಸಿದ ಗಾಯ ಆರಿದ ಬಳಿಕ ನೀರೆರೆಯಿರಿ. ಮುಂದೆಯೂ ಹಸುರುಬೇರು ಬೆಳ್ಳಗೆ ತಿರುಗಿದಾಗ ಮಾತ್ರ, ಬೆಳಗಿನ ಹೊತ್ತು. ಮೂಡಣ ಕಿಟಕಿಯ ಎಳೆಬಿಸಿಲು ಅದಕ್ಕೆ ಹಿತ.

ನಮ್ಮ ಎರಡನೆಯ ಗಿಡವು ಹೀಗೆ ಬದುಕಿ, ಈಗ ಮತ್ತೊಮ್ಮೆ ಮೊಗ್ಗಿಟ್ಟಿದೆ. ಒಂದು ಗಿಡವನ್ನು ಕಳೆದುಕೊಂಡು ನಾವು ಕಲಿತುದಿಷ್ಟು: ಆರೈಕೆಯೆಂದರೆ ಎರೆಯುತ್ತಲೇ ಇರುವುದಲ್ಲ, ಅದಕ್ಕೇನು ಬೇಕೆಂದು ಮೊದಲು ತಿಳಿಯುವುದು.