ಹೊತ್ತಿರುವುದೇನೆಂದು ತಿಳಿಯುವ ಹಕ್ಕು



ಮಧುಗಿರಿ ಉಪವಿಭಾಗದ ನಾಲ್ಕೂ ತಾಲ್ಲೂಕುಗಳಲ್ಲಿ ಅಪಾಯಕಾರಿ ಸರಕು ದಿನವೂ ಓಡಾಡುತ್ತದೆ. ಶಿರಾ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಮುಂಬೈ, ಪುಣೆಗಳನ್ನು ಬೆಂಗಳೂರಿಗೆ ಜೋಡಿಸುವ ದಾರಿ. ಗ್ಯಾಸ್ ಟ್ಯಾಂಕರು, ಆಸಿಡ್ಡು, ರಾಸಾಯನಿಕದ ಡ್ರಮ್ಮು ಎಲ್ಲವೂ ಅಲ್ಲೇ ಸಾಗಬೇಕು. ಕೊರಟಗೆರೆ, ಮಧುಗಿರಿ, ಪಾವಗಡದ ಕಲ್ಲು ಕ್ವಾರಿಗಳಲ್ಲಿ ಬಂಡೆ ಸಿಡಿಸಲು ಸ್ಫೋಟಕ ಬೇಕು. ಪೆಟ್ರೋಲ್ ಬಂಕಿಗೆ ಇಂಧನ, ಮನೆಗೆ ಸಿಲಿಂಡರು, ಹೊಲಕ್ಕೆ ಹೊಡೆಯುವ ಔಷಧಿ, ಇವೆಲ್ಲ ಯಾರೋ ಒಬ್ಬ ಚಾಲಕನ ಬೆನ್ನ ಹಿಂದೆ ಕೂತು ನಮ್ಮೂರಿಗೆ ಬರುತ್ತವೆ. ಆ ಚಾಲಕನಿಗೆ ತಾನು ಹೊತ್ತಿರುವುದು ಏನೆಂದು ಗೊತ್ತಿದೆಯೇ? ಈ ವಿಚಾರ ಸಂಕಿರಣದ ಮುಂದೆ ನಾನು ಇಡುವ ಪ್ರಶ್ನೆ ಇದೊಂದೇ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡು ಬಳಿ ಕ್ರಷರ್ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿಯಿತು. ಭೂಕಂಪವಾಯಿತೆಂದು ಜನ ಮನೆಯಿಂದ ಹೊರಗೆ ಓಡಿಬಂದರು. ಸುಮಾರು ಒಂದು ತಿಂಗಳ ಬಳಿಕ ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೋದಾಗ ಅವು ಸಿಡಿದು ಆರು ಜನ ಸತ್ತರು. ಸಿಡಿಮದ್ದಿಗೆ ಪರವಾನಗಿ ಪಡೆದ ಪ್ರತ್ಯೇಕ ವಾಹನವಿರಬೇಕು, ಜಿಲೆಟಿನ್ನನ್ನೂ ಡಿಟೋನೇಟರನ್ನೂ ಬೇರೆಬೇರೆಯಾಗಿ ಇಡಬೇಕು ಎಂದು 2008ರ ಸ್ಫೋಟಕಗಳ ನಿಯಮಗಳು ಹೇಳುತ್ತವೆ. ಕದ್ದುಮುಚ್ಚಿ ಸಾಗಿಸುವ ಲೋಡಿನಲ್ಲಿ ಈ ಯಾವ ಕಾಳಜಿಯೂ ಇರುವುದಿಲ್ಲ. ಲಾಭ ಬೇರೆಯವರದು, ಗಾಡಿಯಲ್ಲಿ ಕೂತವನದು ಜೀವ.

ಗ್ಯಾಸಿನ ಮಾತಿಗೆ ಬರೋಣ. 2012ರ ಆಗಸ್ಟ್ 27ರಂದು ಕೇರಳದ ಕಣ್ಣೂರಿನ ಚಾಲದಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ 20 ಜನ ಸತ್ತರು. ಮರುವರ್ಷ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಅಂಥದೇ ಟ್ಯಾಂಕರ್ ಉರುಳಿ, ರಸ್ತೆ ಬದಿಯ ಮನೆಗಳು ಒಳಗಿದ್ದವರ ಸಮೇತ ಉರಿದವು. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಚದುರುವುದಿಲ್ಲ. ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ, ಚರಂಡಿಗೆ, ಮನೆಯ ಒಳಗೆ ನುಗ್ಗುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ನೂರು ಮಾರು ದೂರದ ಒಲೆ ಸಾಕು, ಹೊತ್ತಿಕೊಳ್ಳಲು.

ಟ್ಯಾಂಕರು ತಿರುವಿನಲ್ಲಿ ಏಕೆ ಮಗುಚುತ್ತದೆ? ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತೇವೆ. ಅರೆ ತುಂಬಿದ ಟ್ಯಾಂಕು ತುಳುಕುತ್ತದೆ. ಸ್ಟೇರಿಂಗ್ ಎಡಕ್ಕೆ ತಿರುಗಿದರೆ ಒಳಗಿನ ದ್ರವ ಬಲಕ್ಕೆ ನುಗ್ಗುತ್ತದೆ, ಬ್ರೇಕ್ ಒತ್ತಿದರೆ ಮುಂದಕ್ಕೆ ತಳ್ಳುತ್ತದೆ. ಕಲ್ಲು ತುಂಬಿದ ಟಿಪ್ಪರ್ ಓಡಿಸಿ ಪಳಗಿದ ಕೈಗೆ ಇದು ಹೊಸ ವಿದ್ಯೆ. ವೇಗ ಇಳಿಸುವುದು ತಿರುವಿಗೆ ಮೊದಲೇ ಆಗಬೇಕು, ತಿರುವಿನೊಳಗೆ ಬ್ರೇಕ್ ಹಾಕಬಾರದು. ಈ ಪಾಠವನ್ನು ಯಾರಾದರೂ ಕೂರಿಸಿಕೊಂಡು ಹೇಳಿಕೊಡಬೇಕು.

ಹೇಳಿಕೊಡಲೇಬೇಕೆಂದು ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮ ಅಪಾಯಕಾರಿ ಸರಕಿನ ಚಾಲಕನಿಗೆ ಮೂರು ದಿನಗಳ ತರಬೇತಿಯನ್ನು ಕಡ್ಡಾಯ ಮಾಡಿದೆ. ಮುಂದಿನ ನಿಯಮಗಳು ಇನ್ನೂ ಸ್ಪಷ್ಟ. ಸರಕು ಕಳಿಸುವವನು ಅದರ ಅಪಾಯದ ಪೂರ್ತಿ ವಿವರವನ್ನು ಮಾಲೀಕನಿಗೆ ಕೊಡಬೇಕು. ಮಾಲೀಕ ಅದನ್ನು ಬರಹದಲ್ಲಿ ಚಾಲಕನಿಗೆ ತಲುಪಿಸಬೇಕು. ಚಾಲಕ ಅದನ್ನು ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳಬೇಕು. ಟ್ರೆಮ್ ಕಾರ್ಡ್ ಎನ್ನುವುದು ಇದನ್ನೇ. ಗಮನಿಸಿ, ಜವಾಬ್ದಾರಿ ಮೂವರದು, ಮೊದಲ ಇಬ್ಬರಲ್ಲಿ ಚಾಲಕನಿಲ್ಲ. ಅಪಘಾತವಾದ ಮರುದಿನ ಮಾತ್ರ ಚಾಲಕನ ನಿರ್ಲಕ್ಷ್ಯ ಎಂಬ ಒಂದೇ ಮಾತು ಉಳಿಯುತ್ತದೆ.

ಆ ಕಾರ್ಡು ಯಾವ ಭಾಷೆಯಲ್ಲಿದೆ? ನಿಯಮ ಚಾಲಕನಿಂದ ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷನ್ನೂ ನಿರೀಕ್ಷಿಸುತ್ತದೆ. ಆದರೆ ಹೊಗೆಯ ನಡುವೆ, ನಡುಗುವ ಕೈಯಲ್ಲಿ ಹಿಡಿದು ಓದುವ ಕಾಗದ ತಾಯ್ನುಡಿಯಲ್ಲೇ ಇರಬೇಕು. ಬಹುಪಾಲು ಆಂಧ್ರದ ಗಡಿಯೇ ಸುತ್ತುವರಿದ ಪಾವಗಡದ ರಸ್ತೆಗಳಲ್ಲಿ ತೆಲುಗು ಓದುವ ಚಾಲಕನೂ ಇದ್ದಾನೆ, ಕನ್ನಡ ಓದುವವನೂ ಇದ್ದಾನೆ. ಇಬ್ಬರಿಗೂ ಅರ್ಥವಾಗುವ ಕಾರ್ಡು ಬೇಕು.

ವಾಹನದ ಎರಡು ಬದಿ ಮತ್ತು ಹಿಂಭಾಗದಲ್ಲಿರುವ ಫಲಕದ ನಾಲ್ಕಂಕಿಯ ಸಂಖ್ಯೆಯನ್ನು ಎಲ್ಲರೂ ಕಲಿಯಬೇಕು. 1075 ಎಂದರೆ ಅಡುಗೆ ಅನಿಲ, 1203 ಪೆಟ್ರೋಲ್, 1017 ಕ್ಲೋರಿನ್. ಅಪಘಾತವಾದರೆ ಎಂಜಿನ್ ಆಫ್ ಮಾಡಿ, ಗಾಳಿ ಬೀಸಿ ಬರುವ ಕಡೆಗೆ ಸರಿದು ನಿಂತು, 112ಕ್ಕೆ ಕರೆ ಮಾಡಿ ಆ ಸಂಖ್ಯೆ ಹೇಳಿದರೆ, ಅಗ್ನಿಶಾಮಕದವರು ತಕ್ಕ ಸಿದ್ಧತೆಯೊಂದಿಗೆ ಬರುತ್ತಾರೆ. ಜನರನ್ನು ಹತ್ತಿರ ಬಿಡಬಾರದು. 2017ರ ಜೂನ್ 25ರಂದು ಪಾಕಿಸ್ತಾನದ ಅಹ್ಮದ್‌ಪುರ ಈಸ್ಟ್ ಬಳಿ ಮಗುಚಿದ ಟ್ಯಾಂಕರಿನಿಂದ ಇಂಧನ ತುಂಬಿಕೊಳ್ಳಲು ಹೋದ 200ಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಹೆದ್ದಾರಿ ಬದಿಯ ನಮ್ಮ ಹಳ್ಳಿಗಳ ಶಾಲೆಗಳಲ್ಲಿ, ಪಂಚಾಯಿತಿಗಳಲ್ಲಿ ಇದನ್ನು ಹೇಳಬೇಕು.

ಇಂದಿನ ಗೋಷ್ಠಿಗಳಿಗೆ ನನ್ನ ಕೋರಿಕೆ ಮೂರು. ಕನ್ನಡ ಮತ್ತು ತೆಲುಗಿನ ಟ್ರೆಮ್ ಕಾರ್ಡುಗಳ ಮಾದರಿಯನ್ನು ಸಿದ್ಧಪಡಿಸಿ. ಮೂರು ದಿನಗಳ ತರಬೇತಿ ಈ ನಾಲ್ಕು ತಾಲ್ಲೂಕುಗಳಲ್ಲೇ, ಆ ದಿನಗಳ ಕೂಲಿ ಚಾಲಕನಿಗೆ ತಪ್ಪದಂತೆ ನಡೆಯುವ ದಾರಿ ಹುಡುಕಿ. ಮೂರನೆಯದು ಮಾಲೀಕರಿಗೆ. “ಕಾಗದ ಇಲ್ಲದ ಲೋಡು ನಾನು ಎತ್ತುವುದಿಲ್ಲ, ಸಾರ್” ಎಂದು ಚಾಲಕ ಹೇಳಿದ ದಿನ ಅವನ ಕೆಲಸ ಹೋಗಬಾರದು. ಆ ಭರವಸೆಯನ್ನು ಇವತ್ತು, ಇದೇ ಸಭೆಯಲ್ಲಿ, ಚಾಲಕರ ಮುಖ ನೋಡಿ ಕೊಡಿ. ಅದೊಂದು ಇಲ್ಲದಿದ್ದರೆ ಮಿಕ್ಕ ನಿಯಮಗಳೆಲ್ಲ ಪುಸ್ತಕದಲ್ಲೇ ಉಳಿಯುತ್ತವೆ.