ಹಾಸಿಗೆ ಹಿಡಿದವರು

ಕಾಯಿಲೆ ಬಿದ್ದವನನ್ನು ಕುರಿತು ನಾವು 'ಹಾಸಿಗೆ ಹಿಡಿದಿದ್ದಾನೆ' ಎನ್ನುತ್ತೇವೆ. ಈ ವಾಕ್ಯದಲ್ಲಿ ಕರ್ತೃ ಯಾರು, ಕರ್ಮ ಯಾವುದು ಎಂಬ ಸಂದೇಹ ಮೂವತ್ತು ವರ್ಷ ಪಾಠ ಹೇಳಿದ ನನಗೆ ಎಂದೂ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದ್ದು ಮನೆಗೆ ಮರಳಿದಂದು ಬಂದಿತು.

ನನಗಿದ್ದುದು ಶ್ವಾಸಕೋಶದ ಸೋಂಕು. ಜೊತೆಗೆ ಬಹುಕಾಲದ ಮಧುಮೇಹ. ಸೋಂಕು ವಾಸಿಯಾಯಿತು, ಸಕ್ಕರೆಯೂ ಹದಕ್ಕೆ ಬಂದಿತು. 'ಏಳಬೇಡಿ ತಾತ, ಬಿದ್ದೀರಿ' ಎಂದು ದಾದಿಯರು ಅಕ್ಕರೆಯಿಂದಲೇ ಗದರುತ್ತಿದ್ದರು. ನಾನೂ ವಿಧೇಯ ವಿದ್ಯಾರ್ಥಿಯಂತೆ ಮಲಗಿಯೇ ಇದ್ದೆ. ಮನೆಗೆ ಬಂದ ಸಂಜೆ ದೇವರ ಮುಂದೆ ಮಣೆಯ ಮೇಲೆ ಕುಳಿತವನು ಏಳಲಾರದೆ ಹೋದೆ. ನೋವಿಲ್ಲ, ತಲೆಸುತ್ತಿಲ್ಲ, ತೊಡೆಗಳು ಮಾತು ಕೇಳಲಿಲ್ಲ, ಅಷ್ಟೆ. ಮಂಡಿನೋವಿನ ನನ್ನಾಕೆಯೇ ಕೈಕೊಟ್ಟು ಎಬ್ಬಿಸಬೇಕಾಯಿತು. ಅಂದು ರಾತ್ರಿ ಪಂಚೆ ಸರಿಸಿ ನೋಡಿಕೊಂಡೆ: ಅವು ನನ್ನ ತಂದೆಯ ಕೊನೆಗಾಲದ ಕಾಲುಗಳಂತಿದ್ದವು.

ಮುಪ್ಪಿನ ಈ ಸ್ನಾಯುಕ್ಷಯಕ್ಕೆ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಅವರು 1989ರಲ್ಲಿ ಗ್ರೀಕ್ ಮಾತುಗಳಿಂದ 'ಸಾರ್ಕೋಪೀನಿಯ' ಎಂಬ ಹೆಸರು ಕಟ್ಟಿದರು. ಮಾಂಸದ ಬಡತನ ಎಂದರ್ಥ. ಬಡತನ ಬರಲು ವರ್ಷಗಳೇ ಬೇಕೆಂದೇನೂ ಇಲ್ಲ. 2007ರಲ್ಲಿ ಪ್ರಕಟವಾದ ಅಲ್ಲಿಯದೇ ಒಂದು ಅಧ್ಯಯನದಲ್ಲಿ ಆರೋಗ್ಯವಂತ ವೃದ್ಧರನ್ನು ಹತ್ತು ದಿನ ಸುಮ್ಮನೆ ಮಲಗಿಸಿ ಅಳೆದಾಗ, ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸ ಕರಗಿತ್ತು. ಅವರಿಗೆ ಜ್ವರವೂ ಇರಲಿಲ್ಲ, ಸಕ್ಕರೆ ಕಾಯಿಲೆಯೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಮಧುಮೇಹಿಗಂತೂ ಇದು ಎರಡು ಕಡೆಯ ನಷ್ಟ. ಇನ್ಸುಲಿನ್ ಸಕ್ಕರೆಯನ್ನು ಸ್ನಾಯುವಿನೊಳಕ್ಕೆ ಬಿಡುವುದಷ್ಟೇ ಅಲ್ಲ, ಸ್ನಾಯು ಸವೆಯದಂತೆ ತಡೆಯುವ ಕೆಲಸವನ್ನೂ ಮಾಡುತ್ತದೆ. ಅದರ ಮಾತು ನಡೆಯದಾದಾಗ ಸ್ನಾಯು ಸವೆಯುತ್ತದೆ. ಉಂಡ ಅನ್ನದ ಸಕ್ಕರೆಗೆ ಸ್ನಾಯುವೇ ದೊಡ್ಡ ಕಣಜ. ಕಣಜ ಕುಗ್ಗಿದರೆ ಧಾನ್ಯ ಅಂಗಳಕ್ಕೆ ಚೆಲ್ಲುವಂತೆ ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ.

ನನ್ನ ಪಾಲಿನ ತಪ್ಪೂ ಇತ್ತು. ಸಕ್ಕರೆಗೆ ಹೆದರಿ ಅನ್ನ ಕಡಿಮೆ ಮಾಡಿದ್ದು ಸರಿ. ಅದರೊಡನೆ ಬೇಳೆ, ಮೊಸರು, ಕಾಳುಗಳನ್ನೂ ಬಿಟ್ಟಿದ್ದೆ. ತೂಕ ಇಳಿಯಿತೆಂದು ಮಿತ್ರರು ಹೊಗಳಿದರು, ನಾನು ಹಿಗ್ಗಿದೆ. ಇಳಿದದ್ದು ಕೊಬ್ಬೋ ಮಾಂಸವೋ ಎಂದು ತಕ್ಕಡಿ ಹೇಳುವುದಿಲ್ಲ. ವಯಸ್ಸಾದವರಿಗೆ ತೂಕದ ಒಂದೊಂದು ಕಿಲೋಗೂ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರ ಸಲಹೆ. ಬೇಳೆಯ ಕಟ್ಟಿನ ಸಾರಿನಿಂದ ಅದು ದಕ್ಕುವುದಲ್ಲ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಹೋದದ್ದು ಮರಳುವುದೇ? 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪ್ರಯೋಗವೊಂದರಲ್ಲಿ ವೃದ್ಧಾಶ್ರಮದ ತೊಂಬತ್ತರ ಆಸುಪಾಸಿನ ಹಿರಿಯರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ತೊಡೆಯ ಬಲ ಇಮ್ಮಡಿಗೂ ಮೀರಿ ಬೆಳೆಯಿತು. ಇಬ್ಬರು ಊರುಗೋಲನ್ನು ಬಿಟ್ಟರು.

ಆದ್ದರಿಂದ ಮನೆಯ ಹಿರಿಯರನ್ನು ಆಸ್ಪತ್ರೆಗೆ ಸೇರಿಸಿದವರು, ಜ್ವರ ಎಷ್ಟು, ಸಕ್ಕರೆ ಎಷ್ಟು ಎಂದು ಕೇಳುವಾಗ, 'ಇವರನ್ನು ಇಂದು ಕುರ್ಚಿಯಲ್ಲಿ ಕೂರಿಸಬಹುದೇ, ನಾಲ್ಕು ಹೆಜ್ಜೆ ನಡೆಸಬಹುದೇ' ಎಂದೂ ಕೇಳಲಿ. ನನಗಾಗಿ ಯಾರೂ ಕೇಳಲಿಲ್ಲ, ನನಗೂ ತೋಚಲಿಲ್ಲ.

ಈಗ ದಿನವೂ ಬೆಳಿಗ್ಗೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುತ್ತೇನೆ. ಮೊದಲು ಮೂರು ಸಲಕ್ಕೇ ಏದುಸಿರು, ಈಗ ಹನ್ನೆರಡಾಗಿದೆ. ಮಣೆಯಿಂದ ಏಳುವಾಗ ಮಾತ್ರ ಒಂದು ಕೈ ಇನ್ನೂ ಗೋಡೆಗೆ ಹೋಗುತ್ತದೆ. ನನ್ನಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಾಳೆ, ಹತ್ತಿರ ಬರುವುದಿಲ್ಲ.