ಅಡಿಕೆ ದರ ಓದಿ ಹೇಳುವ ‘ಸಪ್ನಾ’: ಫೋನ್‌ನಲ್ಲೇ ಎಸ್‌ಡಿಕೆ ಬಳಸೋದು ಹೇಗೆ?

ವಿಟ್ಲದಿಂದ ಮಾತಾಡ್ತಾ ಇದ್ದೇನೆ. ಇವತ್ತು ಸ್ವಲ್ಪ ಕೋಡಿಂಗ್ ವಿಷಯ. ಹೆದರಬೇಡಿ, ನಾನೂ ಬಿ.ಕಾಂ. ಓದಿದವನೇ.

ನಮ್ಮ ಕಡೆ ಮನೆಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: ‘ಇವತ್ತು ಅಡಿಕೆಗೆ ಎಷ್ಟುಂಟು?’ ಫೋನ್ ಇರೋದು ನಮ್ಮ ಕೈಯಲ್ಲಿ, ಅಡಿಕೆ ಇರೋದು ಅಜ್ಜನ ಅಟ್ಟದಲ್ಲಿ. ಅಜ್ಜನಿಗೆ ಸ್ಕ್ರೀನ್ ಮೇಲಿನ ಸಣ್ಣ ಅಕ್ಷರ ಕಾಣೋದಿಲ್ಲ, ಕಿವಿ ಮಾತ್ರ ಚುರುಕು. ಹಾಗಾಗಿ ಮಾರುಕಟ್ಟೆ ದರವನ್ನು ಕನ್ನಡದಲ್ಲಿ ಓದಿ ಹೇಳುವ ಅರ್ಧ ನಿಮಿಷದ ಆಡಿಯೋ ಒಂದನ್ನು ನಾವೇ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಬಹುದು. ಲ್ಯಾಪ್‌ಟಾಪ್ ಬೇಕಂತಿಲ್ಲ. ಫೋನಿನ ಕ್ರೋಮ್‌ನಲ್ಲಿ ಗೂಗಲ್ ಕೊಲ್ಯಾಬ್ ತೆರೆದರೆ ಪೈಥಾನ್ ಓಡ್ತದೆ.

ಎಪಿಐ ಅಂದ್ರೆ ಆಫೀಸಿನ ಕೌಂಟರ್ ಅಂದ್ಕೊಳ್ಳಿ. ಸರಿಯಾದ ಫಾರ್ಮಿನಲ್ಲಿ ಕೇಳಿದರೆ ಉತ್ತರ ಸಿಗ್ತದೆ. ಎಸ್‌ಡಿಕೆ ಅಂದ್ರೆ ಆ ಫಾರ್ಮನ್ನು ನಮ್ಮ ಪರವಾಗಿ ತುಂಬಿಕೊಡುವವರು, ಗ್ರಾಮ ಒನ್ ಕೇಂದ್ರದಲ್ಲಿ ಕೂತಿರ್ತಾರಲ್ಲ, ಹಾಗೆ. ಇಲ್ಲಿ ನಮಗೆ ಎರಡು ಕೌಂಟರ್ ಉಂಟು. ದರ ಸಿಗೋದು ಕೇಂದ್ರ ಸರ್ಕಾರದ ಡೇಟಾ ಡಾಟ್ ಗವ್ ಡಾಟ್ ಇನ್‌ನಲ್ಲಿ. ಅಲ್ಲಿ ನೋಂದಣಿ ಮಾಡಿದರೆ ಒಂದು ಕೀ ಕೊಡ್ತಾರೆ, ಫಾರ್ಮ್ ನಾವೇ ತುಂಬಬೇಕು: ರಾಜ್ಯ, ಬೆಳೆ, ಎಷ್ಟು ಸಾಲು ಬೇಕು ಅಂತ. ಕರ್ನಾಟಕ, ಅಡಿಕೆ ಅಷ್ಟೇ ಹಾಕಿ ಮೊದಲು ಒಮ್ಮೆ ತರಿಸಿ. ಊರಿನ ಹೆಸರಿನ ಸ್ಪೆಲ್ಲಿಂಗ್ ಅವರು ಹೇಗೆ ಬರೆದಿದ್ದಾರೋ ಹಾಗೇ ಕೊಡಬೇಕು. ಒಂದಕ್ಷರ ಆಚೀಚೆ ಆದ್ರೂ ಬಂಟ್ವಾಳ ಸಿಗೋದಿಲ್ಲ.

ಧ್ವನಿಗೆ ಮೈಕ್ರೋಸಾಫ್ಟ್ ಅಝೂರ್‌ನ ಸ್ಪೀಚ್ ಎಸ್‌ಡಿಕೆ. ಅದರಲ್ಲಿ ಕನ್ನಡಕ್ಕೆ ಸಪ್ನಾ, ಗಗನ್ ಅಂತ ಎರಡು ಧ್ವನಿ ಉಂಟು. ಖಾತೆ ತೆರೆಯುವಾಗ ಕಾರ್ಡ್ ಕೇಳ್ತಾರೆ, ಆದ್ರೆ ಕಾಲೇಜಿನ ಇಮೇಲ್ ಇದ್ದವರು ವಿದ್ಯಾರ್ಥಿ ಖಾತೆ ತೆಗೆದರೆ ಕಾರ್ಡ್ ಬೇಡ. ಪ್ಲ್ಯಾನ್ ಆರಿಸುವಾಗ ಉಚಿತದ್ದು, ಅಂದ್ರೆ ಎಫ್ ಝೀರೋ, ಒತ್ತಿ. ಆಮೇಲೆ ಕೊಲ್ಯಾಬ್‌ನಲ್ಲಿ ಪಿಪ್ ಇನ್‌ಸ್ಟಾಲ್ ಅಂತ ಬರೆದು ಪ್ಯಾಕೇಜಿನ ಹೆಸರು ಕೊಟ್ಟರೆ ಎಸ್‌ಡಿಕೆ ಬಂದು ಕೂತುಕೊಳ್ತದೆ. ಅದಕ್ಕೆ ಕೊಡಬೇಕಾದ್ದು ಕೀ, ರೀಜನ್, ಧ್ವನಿಯ ಹೆಸರು, ಓದಬೇಕಾದ ವಾಕ್ಯ. ಧ್ವನಿಯ ಹೆಸರು ಕೊಡದಿದ್ದರೆ ಅದು ಇಂಗ್ಲಿಷ್ ಧ್ವನಿಯನ್ನೇ ಹಿಡಿದುಕೊಳ್ತದೆ. ಇನ್ನೊಂದು, ಕೊಲ್ಯಾಬ್ ಓಡೋದು ಎಲ್ಲೋ ದೂರದ ಕಂಪ್ಯೂಟರಿನಲ್ಲಿ. ಅಲ್ಲಿ ಸ್ಪೀಕರ್ ಇಲ್ಲ ಮಾರಾಯ್ರೆ! ಧ್ವನಿಯನ್ನು ಫೈಲಾಗಿ ಉಳಿಸು ಅಂತ ಹೇಳಬೇಕು.

ಕೀಯನ್ನು ಕೋಡ್ ಒಳಗೆ ಬರೆಯಬೇಡಿ. ಕೊಲ್ಯಾಬ್‌ನಲ್ಲಿ ಎಡಗಡೆ ಬೀಗದ ಕೈಯ ಚಿಹ್ನೆ ಕಾಣ್ತದೆ, ಸೀಕ್ರೆಟ್ಸ್ ಅಂತ. ಅದರಲ್ಲಿಡಿ. ಎಟಿಎಂ ಪಿನ್ ಹೇಗೋ ಇದೂ ಹಾಗೇ. ನಿಮ್ಮ ಕೀಯಲ್ಲಿ ಬೇರೆಯವರು ಕೆಲಸ ಮಾಡಿದ್ರೂ ಲೆಕ್ಕ ನಿಮ್ಮ ಹೆಸರಿಗೇ.

ಇಷ್ಟಾದ್ರೆ ಸಪ್ನಾ ಮಾತಾಡ್ತಾಳೆ. ಆದ್ರೆ ಏನು ಮಾತಾಡ್ತಾಳೆ? ನನಗೆ ಮುಖ್ಯ ಅನಿಸೋದು ಇದು. ಎಸ್‌ಡಿಕೆಗೆ ಅಡಿಕೆಯ ಗಂಧಗಾಳಿ ಗೊತ್ತಿಲ್ಲ. ಕೊಟ್ಟದ್ದನ್ನು ಚಂದ ಮಾಡಿ ಓದ್ತದೆ, ತಪ್ಪನ್ನೂ ಅಷ್ಟೇ ಚಂದ ಮಾಡಿ.

ಸರ್ಕಾರದ ಪಟ್ಟಿಯಲ್ಲಿ ದರ ಇರೋದು ಕ್ವಿಂಟಲ್‌ಗೆ. ನಮ್ಮಲ್ಲಿ ಮಾತಾಡೋದು ಕಿಲೋ ಲೆಕ್ಕದಲ್ಲಿ. ಪಟ್ಟಿಯಲ್ಲಿ 45,000 ಅಂತಿದ್ರೆ ಅಜ್ಜನ ಕಿವಿಗೆ ಬೀಳಬೇಕಾದ್ದು 450. ನೂರರಿಂದ ಭಾಗಿಸುವ ಒಂದು ಸಾಲು ನೀವೇ ಬರೆಯಬೇಕು. ಮತ್ತೆ, ಒಂದೇ ಮಾರುಕಟ್ಟೆಗೆ ಹಲವು ಸಾಲು ಬರ್ತವೆ: ಕೋಕಾ, ಹೊಸ ವೆರೈಟಿ, ಮತ್ತೆ ‘ವೋಲ್ಡ್ ವೆರೈಟಿ’. ಈ ವೋಲ್ಡ್ ಎಂಥದು ಅಂತ ತಲೆ ಕೆಡಿಸ್ಕೊಳ್ಳಬೇಡಿ, ನಮ್ಮ ಹಳತು ಚಾಲಿಯೇ ಅದು. ಮೊದಲು ಬಂದ ಸಾಲನ್ನೇ ಕಣ್ಣು ಮುಚ್ಚಿ ತೆಗೆದುಕೊಂಡ್ರೆ, ಒಳ್ಳೆ ಹಳತು ಚಾಲಿ ಇಟ್ಟುಕೊಂಡವರಿಗೆ ಕೋಕಾದ ದರ ಓದಿ ಹೇಳಿದ ಹಾಗಾಗ್ತದೆ. ವರ್ಷದ ದುಡಿಮೆ ಅದು. ಅರ್ಧ ದರ ಕೇಳಿ ಗಾಬರಿಯಾಗಿ ಯಾರಾದ್ರೂ ಮಾರಿಬಿಟ್ರೆ?

ಕನಿಷ್ಠ, ಗರಿಷ್ಠ, ಮೋಡಲ್ ಅಂತ ಮೂರು ದರ ಇರ್ತವೆ. ಮೋಡಲ್ ಅಂದ್ರೆ ಆ ದಿನ ಹೆಚ್ಚಿನ ಮಾಲು ಹೋದ ದರ. ನಾನಾದ್ರೆ ಅದನ್ನೇ ಓದಿಸ್ತೇನೆ. ಗರಿಷ್ಠ ಹೇಳಿದ್ರೆ ಅಂಗಡಿಯಲ್ಲಿ ಜಗಳ ಗ್ಯಾರಂಟಿ. ವ್ಯಾಪಾರ ಇಲ್ಲದ ದಿನ ಸಾಲೇ ಬರೋದಿಲ್ಲ. ಆಗ ‘ಇವತ್ತು ಬಂಟ್ವಾಳದ ದರ ಬಂದಿಲ್ಲ’ ಅಂತ ಓದಿಸಿ, ನಿನ್ನೆಯದ್ದನ್ನು ಇವತ್ತಿನದ್ದು ಮಾಡಬೇಡಿ. ತಾರೀಕು, ಮಾರುಕಟ್ಟೆಯ ಹೆಸರು ಎರಡೂ ವಾಕ್ಯದಲ್ಲಿ ಇರಲೇಬೇಕು. ಕ್ಯಾಂಪ್ಕೊ ತನ್ನ ದರ ಬೇರೆಯೇ ಪ್ರಕಟಿಸ್ತದೆ, ಅದನ್ನು ಇದರ ಜೊತೆ ಬೆರೆಸಬೇಡಿ.

ಕಡೆಯದಾಗಿ ಒಂದು ಕಿರಿಕ್. ಕೀ ತಪ್ಪಿದ್ರೂ ಈ ಎಸ್‌ಡಿಕೆ ಬೊಬ್ಬೆ ಹಾಕೋದಿಲ್ಲ, ಕೆಂಪು ಎರರ್ ಬರೋದಿಲ್ಲ. ಸುಮ್ಮನೆ ‘ಕ್ಯಾನ್ಸಲ್ಡ್’ ಅಂತ ಒಂದು ಫಲಿತಾಂಶ ಕೊಟ್ಟು ಕೂತುಕೊಳ್ತದೆ. ಹಾಗಾಗಿ ಪ್ರತಿ ಸಲ ರಿಸಲ್ಟಿನ ‘ರೀಸನ್’ ಏನು ಅಂತ ಪ್ರಿಂಟ್ ಮಾಡಿಸಿ. ಕ್ಯಾನ್ಸಲ್ಡ್ ಬಂದ್ರೆ ಮೊದಲು ರೀಜನ್ ನೋಡಿ: ಸೆಂಟ್ರಲ್ ಇಂಡಿಯಾದಲ್ಲಿ ತೆಗೆದ ಕೀ ಬೇರೆ ರೀಜನ್‌ನಲ್ಲಿ ನಡೆಯೋದಿಲ್ಲ. ಕಾಪಿ ಮಾಡುವಾಗ ಕೀಯ ಕೊನೆಗೆ ಖಾಲಿ ಜಾಗ ಸೇರಿದೆಯಾ ಅಂತಲೂ ನೋಡಿ.

ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ನನಗೆ ಸ್ಕ್ರೀನ್‌ಶಾಟ್ ಕಳಿಸಿ, ನೋಡುವ. ಕೀ ಇರುವ ಜಾಗ ಅಳಿಸಿಯೇ ಕಳಿಸಿ, ಆಯ್ತಾ?